ಆತಿಥೇಯರಿಗೆ ಕೇಳುವ ಪ್ರಶ್ನೆಗಳು

ಅಪ್ಪ ನಕ್ಕಿದ್ದು ಕೇಳಿಸಿ ಅವಳು ಬಾಯಲ್ಲಿದ್ದ ಬ್ರಷ್ಷನ್ನು ಹಾಗೇ ನಿಲ್ಲಿಸಿದಳು. ಕೆಮ್ಮಲ್ಲ, ನಗುವೇ. ಗಂಟಲಲ್ಲಿ ಏನೋ ಉರುಳಿದ ಹಾಗೆ ಶುರುವಾಗಿ, ಲಕ್ವ ಹೊಡೆದ ಬಲಗೆನ್ನೆಯನ್ನು ಬಿಟ್ಟು ಎಡಗಡೆಯಿಂದ ಮಾತ್ರ ಹೊರಬೀಳುವ, ಹೊಸಬರಿಗೆ ಗಾಬರಿ ಹುಟ್ಟಿಸುವಂಥ ನಗು. ಅದರ ಬೆನ್ನಿಗೇ ಬಸ್ಸಮ್ಮನ ದನಿ: "ತಮ್ಮಾ, ಬಾ ಬಾ. ಬಾ ತಮ್ಮಾ." ಮತ್ತೆ ನಗು. ಬಚ್ಚಲಮನೆಯ ಕನ್ನಡಿಯಲ್ಲಿ ನೊರೆ ಮೆತ್ತಿದ ತನ್ನ ಬಾಯಿ ಕಂಡಿತು, ಅದು ನಗುತ್ತಿರಲಿಲ್ಲ. ಐವತ್ತರ ಅಂಚಿನ, ಯಾರಿಗೂ ಸುಲಭಕ್ಕೆ ಜಗ್ಗದ ಮುಖ ಎಂದು ಅವಳೇ ಒಪ್ಪಿಕೊಂಡು ಬೆಳೆಸಿಕೊಂಡ ಮುಖ. ಮುಕ್ಕಳಿಸಿ ಉಗುಳಿ, ಟವೆಲ್ಲಿನಿಂದ ಬೇಕಾದ್ದಕ್ಕಿಂತ ಜೋರಾಗಿ ಒರೆಸಿಕೊಂಡಳು. ತನ್ನ ಎದುರು ಅಪ್ಪ ಹೀಗೆ ನಕ್ಕಿದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಲು ಹೋಗಿ, ಹಾಗೆ ಹುಡುಕುವುದೇ ಸಣ್ಣತನ ಅನ್ನಿಸಿ ಬಿಟ್ಟುಬಿಟ್ಟಳು. ಬಿಟ್ಟೆ ಅಂದುಕೊಂಡಳು, ಅಷ್ಟೆ. ಸೀರೆಯ ನೆರಿಗೆ ಹಿಡಿಯುವಾಗಲೂ ಅದೇ ಬೆರಳಿನ ಸಂದಿಯಲ್ಲಿ ಸಿಕ್ಕುತ್ತಿತ್ತು.

ಬಸ್ಸಮ್ಮ ಎನ್ನುವುದು ಎದುರುಮನೆಯ ದರ್ಜಿ ಇಟ್ಟ ಹೆಸರು. ಕಡಲಾಚೆಯ ಒಂದು ಚಳಿದೇಶದಲ್ಲಿ ಆಯುಷ್ಯವೆಲ್ಲ ಸಿಟಿ ಬಸ್ಸು ಓಡಿಸಿ, ನಿವೃತ್ತಿಯಾದ ಮೇಲೆ ಕೈಕಟ್ಟಿ ಕೂರಲಾರದೆ ಸ್ವಯಂಸೇವಕಿಯಾಗಿ ಬಂದವರು ಅವರು. ಅಗಲ ಭುಜ, ಗಿಡ್ಡಗೆ ಕತ್ತರಿಸಿದ ನರೆಗೂದಲು, ಕೂತಲ್ಲೆಲ್ಲ ಬಲಗಾಲು ಬ್ರೇಕು ಹುಡುಕುವ ಹಾಗೆ ಮುಂದಕ್ಕೆ ಚಾಚುವ ಅಭ್ಯಾಸ. ಬೀದಿಯ ಕೊನೆಗಿರುವ ವೃದ್ಧರ ಹಗಲು ಕೇಂದ್ರದಲ್ಲಿ ಅವರಿಗೆ ಕೆಲಸ. ಉಳಿದುಕೊಂಡಿರುವುದು ಈ ಮನೆಯಲ್ಲಿ. ಸ್ವಯಂಸೇವಕರನ್ನು ಕರೆಸಿಕೊಳ್ಳುವ ಸಂಸ್ಥೆಯ ಸಂಯೋಜಕಿ ಅವಳದೇ ಹಳೆಯ ಶಿಷ್ಯೆ. "ಮೇಡಂ, ಕೇಂದ್ರದ ಹತ್ರ ಒಂದು ಮನೇನೂ ಸಿಗ್ತಿಲ್ಲ" ಎಂದು ಆ ಹುಡುಗಿ ಬಾಗಿಲಲ್ಲಿ ನಿಂತಾಗ ಅವಳಿಗೆ ಒಳಗೊಳಗೇ ಖುಷಿಯಾಗಿತ್ತು. ಇದೇ ಅಲ್ಲವೆ ಅವಳ ವಿಷಯ? ದೇಶ ದಾಟಿ ನೆರವಾಗಲು ಬರುವವರು, ಅವರನ್ನು ಮನೆಯೊಳಗೆ ಬಿಟ್ಟುಕೊಳ್ಳುವವರು, ಅವರಿಬ್ಬರ ನಡುವೆ ಒಂದು ಕೇರಿ ಎಷ್ಟು ಬದಲಾಗುತ್ತದೆ, ಎಷ್ಟು ಬದಲಾದ ಹಾಗೆ ನಟಿಸುತ್ತದೆ. ಸಮಾಜಕಾರ್ಯ ವಿಭಾಗದಲ್ಲಿ ಕೂದಲು ನರೆಸಿಕೊಂಡಿದ್ದೇ ಇದರ ಮೇಲೆ. ಈ ವಿಷಯವನ್ನು ತನ್ನಷ್ಟು ಬಲ್ಲವರು ಎಲ್ಲ ದೇಶ ಸೇರಿಸಿದರೂ ಬೆರಳೆಣಿಕೆಯಷ್ಟು, ಅವರಲ್ಲೂ ಒಂದಿಬ್ಬರು ತನ್ನ ಹತ್ತಿರವೇ ಕಲಿತವರು ಎನ್ನುವುದನ್ನು ಅವಳು ಜಂಬವಿಲ್ಲದೆ, ತನ್ನ ರಕ್ತದ ಗುಂಪು ಹೇಳಿದ ಹಾಗೆ ಹೇಳಬಲ್ಲಳು. ಬರಲಿ, ಇಷ್ಟು ವರ್ಷ ಬೇರೆಯವರ ಜಗಲಿಯ ಮೇಲೆ ಕೂತು ನೋಡಿದ್ದನ್ನು ಒಂದು ಸಲ ನನ್ನ ಜಗಲಿಯ ಮೇಲೇ ನೋಡುತ್ತೇನೆ, ಎಂದುಕೊಂಡಿದ್ದಳು.

ನೋಡಿದ್ದು ತನ್ನನ್ನೇ. ಅವರು ಬರುವ ಹಿಂದಿನ ದಿನ ಹೊಸ ದಿಂಬು ತಂದಳು. ಸೋರುವ ನಲ್ಲಿಯ ಕೆಳಗಿನ ಬಕೆಟ್ಟನ್ನು ಬಾಗಿಲ ಹಿಂದೆ ಅಡಗಿಸಿದಳು, ಅದು ತುಂಬಿ ಹರಿದು ಅವರ ಚಪ್ಪಲಿ ತೋಯುವವರೆಗೂ ಅಡಗಿಸಿಯೇ ಇದ್ದಳು. ಅಪ್ಪ ಅಂಗಿಯ ಮೇಲೆ ಗಂಜಿ ಚೆಲ್ಲಿಕೊಂಡರೆ ಗದರುವುದನ್ನು ನಿಲ್ಲಿಸಿ ಹಲ್ಲು ಕಚ್ಚಿಕೊಂಡು ಒರೆಸತೊಡಗಿದಳು. ಕೋಣೆ ಸಾಕಾ, ನೀರು ಬಿಸಿ ಇದೆಯಾ, ತೊಂದರೆ ಏನಿಲ್ಲವಲ್ಲ? ಅವಳು ಭೇಟಿ ಮಾಡಿದ ನೂರಾರು ಆತಿಥೇಯ ಹೆಂಗಸರು ಸಾಲಾಗಿ ಬಂದು ಅವಳ ನಾಲಗೆಯ ಮೇಲೆ ಕೂತು ಅದನ್ನೇ ಕೇಳಿಸುತ್ತಿದ್ದರು. ಇದನ್ನು ಗಮನಿಸಿ ಅವಳು ನಗಲೂ ಬಲ್ಲಳು. ತನ್ನನ್ನೇ ಹಿಡಿದು ಹಾಕುವುದರಲ್ಲಿ ಒಂದು ವೃತ್ತಿಯ ಸುಖವಿದೆ. ಸುಖವಿಲ್ಲದ್ದು ಅಪ್ಪನ ವಿಷಯ. ಹಗಲು ಕೇಂದ್ರಕ್ಕೆ ಬಾ, ನಾಲ್ಕು ಜನರ ಮುಖ ನೋಡಿದ ಹಾಗಾಗುತ್ತದೆ ಎಂದು ಅವಳು ಗೋಗರೆದಾಗಲೆಲ್ಲ ಎಡಗೈ ಎತ್ತಿ "ಬೇಡ" ಎಂದಿದ್ದ ಅಪ್ಪ, ಉಳಿದಿದ್ದ ಮೂರು ನಾಲ್ಕು ಮಾತುಗಳಲ್ಲಿ ಅತಿ ಚೊಕ್ಕವಾಗಿ ಬರುವ ಆ ಒಂದು ಮಾತನ್ನು ಅವಳಿಗೆಂದೇ ಇಟ್ಟುಕೊಂಡ ಹಾಗಿದ್ದ ಅಪ್ಪ, ಬಸ್ಸಮ್ಮ ಬಂದ ವಾರದಲ್ಲೇ ಅವರ ತೋಳು ಹಿಡಿದು ಹೊರಟಿದ್ದ. ಬೆಳಿಗ್ಗೆ ಹೋಗುವುದು, ಊಟದ ಹೊತ್ತಿಗೆ ಇಬ್ಬರೂ ಬರುವುದು. ದರ್ಜಿ ಹೊಲಿಗೆಯಂತ್ರ ನಿಲ್ಲಿಸಿ ಕೈ ಬೀಸುವುದು. ಬೀದಿಗೆಲ್ಲ ಅದೊಂದು ನೋಟ.

ಮತ್ತೆ ಆ "ತಮ್ಮಾ". ಬಸ್ಸಮ್ಮ ಕಲಿತ ಮೊದಲ ಶಬ್ದ ಅದು, ದರ್ಜಿ ಬೀದಿಯಲ್ಲಿ ಯಾರನ್ನೋ ಕರೆಯುತ್ತಿದ್ದುದನ್ನು ಕೇಳಿ ಕಲಿತದ್ದು. ಎಂಬತ್ತರ ಹತ್ತಿರದ ಅಪ್ಪನನ್ನು ಅವರು ಮೊದಲ ಸಲ ತಮ್ಮಾ ಎಂದಾಗ ಅಪ್ಪ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡಿದ್ದ. ಅವಳು ಮಾತ್ರ, ಪಾಠ ಮಾಡಿದ ನಾಲಗೆ ಸುಮ್ಮನಿರುತ್ತದೆಯೆ, ಅವರ ಭಾಷೆಯಲ್ಲಿ ವಿವರಿಸಿದಳು: ತಮ್ಮ ಎಂದರೆ ಚಿಕ್ಕವನು, ಇವರಿಗೆ ಅಣ್ಣ ಎನ್ನಬೇಕು. ಬಸ್ಸಮ್ಮ ವಿಧೇಯರಾಗಿ "ಅಣ್ಣಾ" ಎಂದರು. ಅಪ್ಪನ ಮುಖದ ದೀಪ ಯಾರೋ ಗುಂಡಿ ಒತ್ತಿದ ಹಾಗೆ ಆರಿತು. ಮಾರನೆಯ ದಿನ ಮತ್ತೆ ತಮ್ಮಾ, ಬೇಕೆಂದೇ ಇರಬೇಕು. ಅವಳು ತಿದ್ದಲಿಲ್ಲ. ಅಡುಗೆಮನೆಯಲ್ಲಿ ನಿಂತು ಚಹಾ ಕಾಯಿಸುತ್ತ, ಕೋರ್ಟಿನ ಉದ್ದನೆಯ ವರಾಂಡದಲ್ಲಿ ಬುತ್ತಿ ಹಿಡಿದು ನಿಂತ ಪುಟ್ಟ ಹುಡುಗಿಯಾಗಿದ್ದಳು. ಅಪ್ಪನದು ಕಕ್ಷಿದಾರರ ಹೆಸರು ಕೂಗುವ ಕೆಲಸ. ಬಾಗಿಲಿಗೆ ಬಂದು, ಎದೆ ತುಂಬ ಉಸಿರೆಳೆದು, ಒಂದೊಂದು ಹೆಸರನ್ನೂ ಮೂರು ಸಲ ಎಸೆಯುತ್ತಿದ್ದ. ಮರದ ಕೆಳಗೆ ತೂಕಡಿಸುತ್ತಿದ್ದವರು ದಡಬಡಿಸಿ ಏಳುತ್ತಿದ್ದರು. ಜಡ್ಜಿಗಿಂತ ದೊಡ್ಡವನು ನನ್ನಪ್ಪ ಎಂದು ಅವಳು ಶಾಲೆಯಲ್ಲಿ ಹೇಳಿಕೊಂಡಿದ್ದಳು. ಈಗ ಆ ಬಾಯಿಗೆ ನೀರು ಬೇಕು ಎನ್ನಲೂ ಹೆಣಗಾಟ. ಚಹಾ ಉಕ್ಕಿ ಒಲೆಯ ಮೇಲೆ ಹರಿದಿತ್ತು. ತೊಂದರೆ ಏನಿಲ್ಲ, ಎಂದಳು ಯಾರೂ ಕೇಳದೆಯೇ.

ಬಚ್ಚಲಲ್ಲಿ ಆ ನಗು ಕೇಳಿಸಿದ ದಿನ ಮಧ್ಯಾಹ್ನ ಶಿಷ್ಯೆ ಮನೆಗೆ ಬರುವುದಿತ್ತು. ಬಸ್ಸಮ್ಮನ ಅವಧಿ ಮುಗಿಯುತ್ತ ಬಂದಿತ್ತು. ಮುಂದುವರಿಸುವುದೋ, ಬೇರೆ ಊರಿಗೆ ಕಳಿಸುವುದೋ ಎಂಬುದು ಆತಿಥೇಯರ ಸಂದರ್ಶನದ ಮೇಲೆ ನಿಲ್ಲುತ್ತದೆ. ಸಂದರ್ಶನದ ಪ್ರಶ್ನೆಗಳನ್ನು ಬರೆದುಕೊಟ್ಟವಳು ಅವಳೇ. ಬೆಳಗಿನ ತರಗತಿಯಲ್ಲಿ ಸಮುದಾಯದ ಸಹಭಾಗಿತ್ವದ ಬಗ್ಗೆ ನಿರರ್ಗಳವಾಗಿ ಪಾಠ ಮಾಡಿದಳು, ಹಿಂದಿನ ಬೆಂಚಿನವನ ಕುಹಕದ ಪ್ರಶ್ನೆಗೆ ಇಡೀ ತರಗತಿ ನಗುವಂತೆ ಉತ್ತರ ಕೊಟ್ಟಳು, ಹಾಗೆ ಕೊಡುತ್ತಿರುವಾಗಲೇ ಮನಸ್ಸಿನ ಇನ್ನೊಂದು ಮೂಲೆ ತೀರ್ಮಾನ ಮಾಡಿ ಮುಗಿಸಿತ್ತು: ಒಳ್ಳೆಯ ಮಾತು ನಾಲ್ಕು ಹೇಳಿ, ಅಪ್ಪನಿಗೆ ವಿಶ್ರಾಂತಿ ಬೇಕು ಎಂದು ಸೇರಿಸಿ, ನಯವಾಗಿ ಕಳಿಸಿಬಿಡುವುದು. ನಯವಾಗಿ ಕಳಿಸುವುದು ಹೇಗೆಂದು ಅವಳಿಗೆ ಬೇರೆಯವರು ಹೇಳಿಕೊಡಬೇಕಿಲ್ಲ.

ಮನೆಗೆ ಬಂದರೆ ಬೀಗ. ಕಿಟಕಿಯಿಂದ ಇಣುಕಿದಳು, ಮೇಜಿನ ಮೇಲೆ ಬಸ್ಸಮ್ಮನ ಫೋನು ಚಾರ್ಜಿಗಿಟ್ಟಿದ್ದು ಕಂಡಿತು, ಅಪ್ಪನ ಊರುಗೋಲು ಕಾಣಲಿಲ್ಲ. ಹಗಲು ಕೇಂದ್ರಕ್ಕೆ ಫೋನು ಮಾಡಿದರೆ, ಅವರು ಆಗಲೇ ಹೊರಟರಲ್ಲ, ಎಂದರು.

ದರ್ಜಿ ಕುತ್ತಿಗೆಗೆ ಟೇಪು ನೇತುಹಾಕಿಕೊಂಡೇ ಬಂದ. "ಪ್ರೊಫೆಸರಮ್ಮ, ಅವರು ಬಸ್ ಹತ್ತಿದ್ರು."

"ಯಾವ ಬಸ್ಸು?"

"ಯಾವುದೋ ಬಂತು, ಹತ್ತಿದ್ರು. ಹಿರೀರೇ ಮುಂದೆ ನಿಂತು ಕೈ ತೋರಿಸಿದ್ರಪ್ಪ. ನಾನು ಕೇಳಿದೆ, ಎಲ್ಲಿಗೇಂತ. ಬಸ್ಸಮ್ಮ ಆಯ್ತು ಆಯ್ತು ಅಂದ್ರು." ಅವನಿಗೆ ಅದರಲ್ಲಿ ತಮಾಷೆ ಕಂಡಿತ್ತು, ಅವಳ ಮುಖ ನೋಡಿ ಮಾಯವಾಯಿತು. "ಬರ್ತಾರೆ ಬಿಡಿ. ಜೀವನಪೂರ್ತಿ ಬಸ್ ಓಡಿಸಿದವರಿಗೆ ದಾರಿ ತಪ್ಪುತ್ತಾ?"

ದಾರಿ ಎಲ್ಲಿಯದು, ಯಾವ ದೇಶದ್ದು ಎಂದು ಕೂಗಬೇಕೆನಿಸಿತು. ಕೂಗದೆ ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಹೋಗಿ ಕೂತಳು. ಬಿಸಿಲಿಗೆ ಕಲ್ಲು ಕಾದಿತ್ತು. ಮೆಟ್ಟಿಲು ಹತ್ತಲಾರದ ಮನುಷ್ಯ. ಹೆಸರು, ವಿಳಾಸ ಹೇಳಲಾರದ ಮನುಷ್ಯ. ಜೊತೆಗಿರುವವರಿಗೆ ಬರುವುದು ತಮ್ಮಾ, ಬಾ, ಆಯ್ತು. ಪೊಲೀಸರಿಗೆ ತಿಳಿಸಬೇಕೆ? ಏನೆಂದು? ನನ್ನ ತಂದೆ ಖುಷಿಯಾಗಿ ಬಸ್ಸು ಹತ್ತಿ ಹೋಗಿದ್ದಾರೆ ಎಂದೆ? ಹತ್ತಿರ ನಿಂತಿದ್ದ ತರಕಾರಿ ಚೀಲದ ಹೆಂಗಸು ಅವಳನ್ನೇ ನೋಡುತ್ತಿದ್ದಳು. ವಿಭಾಗದ ಮುಖ್ಯಸ್ಥೆ, ಎರಡು ಖಂಡಗಳಲ್ಲಿ ಭಾಷಣ ಮಾಡಿ ಬಂದವಳು, ಕತ್ತು ಉದ್ದ ಮಾಡಿ ಬರುವ ಬಸ್ಸುಗಳ ಹೊಟ್ಟೆಯಲ್ಲಿ ಇಣುಕಿ ನೋಡುತ್ತಿದ್ದಳು. ಮೊದಲನೆಯದರಿಂದ ಯಾರೋ ಇಳಿದರು, ಅಪ್ಪನಲ್ಲ. ಎರಡನೆಯದು ನಿಲ್ಲಲೇ ಇಲ್ಲ. ಆ ಹೊತ್ತಿಗೆ ಶಿಷ್ಯೆ ಬಂದಳು, ಹೆಗಲಿಗೆ ಚೀಲ, ವಿಷಯ ತಿಳಿದು ಪಕ್ಕದಲ್ಲಿ ಕೂತು, "ಇನ್ನೊಂದು ದಿನ ಬರ್ಲಾ ಮೇಡಂ?" ಎಂದಳು. ಆ ದನಿಯ ಮರುಕ ಅವಳಿಗೆ ಚುಚ್ಚಿತು. ಎಷ್ಟೋ ಮನೆಗಳಲ್ಲಿ ಅದೇ ದನಿಯಲ್ಲಿ ಮಾತಾಡಲು ಈ ಹುಡುಗಿಗೆ ಹೇಳಿಕೊಟ್ಟಿದ್ದಳಲ್ಲ.

"ಬೇಡ. ಇಲ್ಲೇ ಕೇಳು. ಕೂತು ಬರೀ ರಸ್ತೆ ನೋಡೋದಕ್ಕಿಂತ ವಾಸಿ."

ಹುಡುಗಿ ಫೋನಿನಲ್ಲಿ ರೆಕಾರ್ಡಿಂಗ್ ಶುರುಮಾಡಿ ಬೆಂಚಿನ ಮೇಲೆ ಇಟ್ಟಳು. ಗಂಟಲು ಸರಿ ಮಾಡಿಕೊಂಡು, ಒಪ್ಪಿಸುವ ದನಿಯಲ್ಲಿ, "ಸ್ವಯಂಸೇವಕರು ಬಂದ ಮೇಲೆ ನಿಮ್ಮ ಮನೆಯಲ್ಲಿ ಏನೇನು ಬದಲಾಗಿದೆ?" ಎಂದಳು.

ಒಳ್ಳೆಯ ಪ್ರಶ್ನೆ. ಬರೆದಾಗಲೂ ಹಾಗೇ ಅನ್ನಿಸಿತ್ತು. ಇದಕ್ಕೆ ಎಲ್ಲರೂ ಕೊಡುವ ಉತ್ತರವೂ ಅವಳಿಗೆ ಬಾಯಿಪಾಠ: ಮನೆ ತುಂಬಿದ ಹಾಗಾಯಿತು, ನಮ್ಮವರ ಹಾಗೇ ಇದ್ದಾರೆ, ತೊಂದರೆ ಏನಿಲ್ಲ. ಅಂಥ ವಾಕ್ಯಗಳ ಪಕ್ಕ ಅವಳು ಪೆನ್ಸಿಲಿನಲ್ಲಿ ಸೌಜನ್ಯ, ಸೌಜನ್ಯ ಎಂದು ಗುರುತು ಹಾಕುತ್ತ ಬಂದಿದ್ದಳು. ಆ ವಾಕ್ಯ ಈಗ ತನ್ನ ಗಂಟಲಲ್ಲೂ ಮಡಿಸಿ ಇಸ್ತ್ರಿ ಮಾಡಿದ ಹಾಗೆ ಸಿದ್ಧವಾಗಿ ಕೂತಿತ್ತು. ರಸ್ತೆಯ ತಿರುವಿನಲ್ಲಿ ಬಸ್ಸಿನ ಸುಳಿವಿರಲಿಲ್ಲ.

"ನನಗೆ ಹೊಟ್ಟೆಕಿಚ್ಚು," ಎಂದಳು.

"ಮೇಡಂ?"

"ಹೊಟ್ಟೆಕಿಚ್ಚು. ಅದೇ ಬದಲಾಗಿರೋದು. ಮುಂಚೆ ಮನೇಲಿ ಕಾಯಿಲೆ ಒಂದೇ ಇತ್ತು. ಅವರ ಎದುರಿಗೆ ನನ್ನಪ್ಪ ನಗ್ತಾನೆ. ನಾನು ಒಳಗೆ ಬಂದ್ರೆ ನಿಲ್ಲಿಸ್ತಾನೆ, ಹೆಡ್‌ಮಾಸ್ಟರ್ ಬಂದ ಹಾಗೆ. ಅವನಿಗೆ ನಾನು ಸ್ನಾನ ಮಾಡಿಸೋ ಹಾಗಿಲ್ಲ, ಗುಂಡಿ ಹಾಕೋ ಹಾಗಿಲ್ಲ. ಅವರಾದರೆ ಆಗುತ್ತೆ. ಮಾತು ಬರದೇ ಇರೋವಳು ಬಂದು ನನ್ನಪ್ಪನ ಹತ್ರ ಮಾತಾಡ್ತಾಳೆ."

ಶಿಷ್ಯೆ ಫೋನಿನತ್ತ ಕೈ ಚಾಚಿದಳು. "ಇದನ್ನ... ನಿಲ್ಲಿಸ್ಲಾ ಮೇಡಂ?"

"ಯಾಕೆ? ನಿನಗೆ ಬೇಕಾದ ಉತ್ತರ ಅಲ್ವಾ? ರೆಕಾರ್ಡ್ ಆಗ್ಲಿ. ಇನ್ನೂ ಒಂದು ಹಾಕ್ಕೋ. ಇವತ್ತೇ ಅವರನ್ನ ಕರ್ಕೊಂಡು ಹೋಗು. ಸಾಯಂಕಾಲದೊಳಗೆ."

ಹೇಳಿ ಮುಗಿಸಿದಾಗ ಭುಜದ ಮೇಲಿಂದ ಏನೋ ಇಳಿದ ಹಾಗಾಯಿತು. ಹೀಗೂ ಹೇಳಬಹುದಿತ್ತೆ? ಹೇಳಿದರೆ ಆಕಾಶ ಬೀಳುವುದಿಲ್ಲವೆ? ಅವಳ ನೂರಾರು ಹೆಂಗಸರಲ್ಲಿ ಒಬ್ಬಳಾದರೂ ಇದನ್ನು ಹೇಳಬೇಕೆಂದು ಬಾಯಿ ತೆರೆದಿರಲಾರಳೆ? ತೆರೆದಾಗ ನಾನೇನು ಮಾಡುತ್ತಿದ್ದೆ? ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆ.

ಬಸ್ಸು ಕಾಣುವ ಮೊದಲೇ ದನಿ ಕೇಳಿಸಿತು. ಮಾತಲ್ಲ. ಓ ಎಂದು ಶುರುವಾಗಿ ನೆತ್ತಿಗೇರಿ ಅಲ್ಲೇ ನಿಂತು ಕಂಪಿಸುವ ಒಂದು ಕೂಗು. ತರಕಾರಿ ಚೀಲದ ಹೆಂಗಸು ಬೆಚ್ಚಿ ನೋಡಿದಳು. ಬಸ್ಸು ತಿರುವು ದಾಟಿ ಬಂದು ನಿಂತಿತು. ಬಾಗಿಲ ಪಕ್ಕದ ಸೀಟಿನಲ್ಲಿ ಅಪ್ಪ, ಕುತ್ತಿಗೆಯ ನರ ಉಬ್ಬಿ, ಬಾಯಿ ಅಗಲವಾಗಿ ತೆರೆದು, ಇನ್ನೊಮ್ಮೆ ಕೂಗಿದ. ಅವಳು ಬಲ್ಲ ಕೂಗು. ಹೆಸರುಗಳು ಉದುರಿಹೋಗಿ ಬರೀ ಎಸೆತ ಉಳಿದಿತ್ತು. ಹಿಂದಿನ ಸೀಟಿನವನೊಬ್ಬ ಕಿವಿ ಮುಚ್ಚಿಕೊಂಡಿದ್ದ. ಯಾರೋ ಶಾಲೆಯ ಹುಡುಗಿಯರು ಒಬ್ಬರಿಗೊಬ್ಬರು ಒರಗಿ ಕಿಸಕ್ಕೆನ್ನುತ್ತಿದ್ದರು. ಕಂಡಕ್ಟರು ಕೆಳಗಿಳಿದು ಅಪ್ಪನಿಗೆ ಕೈಕೊಡುತ್ತ, "ನಿಮ್ಮ ತಂದೇನಾ ಮೇಡಂ? ಕೊನೇ ಸ್ಟಾಪಿನವರೆಗೂ ಹೋಗಿ ವಾಪಸ್ ಬಂದ್ರು. ಎಲ್ಲಾ ಸ್ಟಾಪಲ್ಲೂ ಇವರದೇ ಕೂಗು. ನನಗೆ ಇವತ್ತು ಗಂಟಲಿಗೆ ರಜೆ," ಎಂದ. ಅವಳಿಗೆ ಮೊದಲು ಬಂದದ್ದು ನಾಚಿಕೆ. ಬಸ್ಸಿನಲ್ಲಿ ಪರಿಚಯದವರು ಯಾರಾದರೂ ಇದ್ದಾರೆಯೆ ಎಂದು ಕಣ್ಣು ತಾನಾಗೇ ಹುಡುಕಿತು. ಆಮೇಲೆ ಅಪ್ಪನ ಸೊಂಟಕ್ಕೆ ಸುತ್ತಿದ್ದ ಬಸ್ಸಮ್ಮನ ನೀಲಿ ಸ್ವೆಟರ್ ಕಂಡಿತು, ಅದರ ಕೆಳಗೆ ಪ್ಯಾಂಟು ಒದ್ದೆಯಾಗಿದ್ದುದು ಕಂಡಿತು. ಅಪ್ಪನಿಗೆ ಅದರ ಪರಿವೆಯಿರಲಿಲ್ಲ. ಕೋರ್ಟು ಎದ್ದ ಮೇಲೆ ಮನೆಗೆ ಬರುತ್ತಿದ್ದ ನಡಿಗೆಯಲ್ಲಿ, ಬಲಗಾಲು ಎಳೆಯುತ್ತಿದ್ದರೂ ಅದೇ ನಡಿಗೆಯಲ್ಲಿ, ಅವಳನ್ನು ದಾಟಿ ಮನೆಯತ್ತ ಹೊರಟ.

ಜಗಲಿ ಹತ್ತಿ ಬಸ್ಸಮ್ಮ ಬೀಗ ತೆಗೆದರು. ಒಳಗೆ ಅಪ್ಪನನ್ನು ಮರದ ಕುರ್ಚಿಯಲ್ಲಿ ಕೂರಿಸಿದ ಮೇಲೆ, ಬಸ್ಸಮ್ಮನ ಭಾಷೆಯಲ್ಲಿ, ಪತ್ರ ಬರೆಯುವ ಧಾಟಿಯಲ್ಲಿ ಶುರುಮಾಡಿದಳು: ತಾವು ಮುಂಚಿತವಾಗಿ ತಿಳಿಸಿದ್ದರೆ ಅನುಕೂಲವಾಗುತ್ತಿತ್ತು. ವಾಕ್ಯ ಅರ್ಧದಲ್ಲೇ ಮುರಿಯಿತು. ಆ ಭಾಷೆಯಲ್ಲಿ ಅವಳಿಗೆ ಭಾಷಣ ಬರುತ್ತಿತ್ತು, ಬೈಗುಳ ಬರುತ್ತಿರಲಿಲ್ಲ.

"ಏನಂದ್ಕೊಂಡಿದೀರಿ ನೀವು? ಹೇಳೋರು ಕೇಳೋರು ಯಾರೂ ಇಲ್ವಾ ಈ ಮನೇಲಿ? ಬಿದ್ದಿದ್ರೆ? ಉಸಿರು ಸಿಕ್ಕೊಂಡಿದ್ರೆ? ಫೋನು ಇಲ್ಲಿ, ನೀವೆಲ್ಲೋ! ಆ ಬೆಂಚಿನ ಮೇಲೆ ಕೂತು ನನ್ನ ಪ್ರಾಣ ಹೋಗಿ ಬಂತು, ಗೊತ್ತಾ? ಅವನು ನನ್ನಪ್ಪ! ನಿಮ್ಮ ಬಸ್ಸಿನ ಪ್ಯಾಸೆಂಜರ್ ಅಲ್ಲ!"

ಬಸ್ಸಮ್ಮನಿಗೆ ಕೊನೆಯ ಎರಡು ಮೂರು ಶಬ್ದ ಬಿಟ್ಟರೆ ಒಂದೂ ತಿಳಿಯಲಿಲ್ಲ, ಎಲ್ಲವೂ ತಿಳಿಯಿತು. ಕೆಂಪಗಾದರು. ಅವರೂ ತಮ್ಮ ಭಾಷೆಗೇ ಇಳಿದರು, ಡಿಪೋದಲ್ಲಿ ಜಗಳವಾಡಿ ಪಳಗಿದ ದನಿಯಲ್ಲಿ. ಹೇಳದೆ ಹೋದದ್ದು ತಪ್ಪು, ಒಪ್ಪಿದೆ, ನೂರು ಸಲ ತಪ್ಪು. ಬಸ್ಸು ಬಂತು, ಅವನು ಕೈ ತೋರಿಸಿದ, ಬಸ್ಸು ನೋಡಿ ನನಗೂ ಬುದ್ಧಿ ಹೋಯಿತು. ಆದರೆ ನೀನು? ಅವನು ಬಾಯಿ ತೆರೆಯುವುದರೊಳಗೆ ನೀನು ವಾಕ್ಯ ಮುಗಿಸಿ ಬಾಗಿಲು ಹಾಕಿಬಿಡುತ್ತೀಯ. ನೀರು ಬೇಕಾ, ಚಳಿಯಾ, ಮಲಗ್ತೀಯಾ. ನನ್ನ ಹತ್ತಿರ ಅವನು ನಿಧಾನ ಮಾಡಬಹುದು. ಯಾಕೆ ಹೇಳು? ಅವನ ವಾಕ್ಯ ಎಲ್ಲಿ ಮುಗಿಯುತ್ತದೆ ಅಂತ ನನಗೆ ಗೊತ್ತೇ ಇಲ್ಲ!

ಬಾಗಿಲಲ್ಲಿ ನಿಂತ ಶಿಷ್ಯೆ ಅವಳನ್ನೊಮ್ಮೆ ಅವರನ್ನೊಮ್ಮೆ ನೋಡುತ್ತಿದ್ದಳು. ಎದುರುಮನೆಯ ಹೊಲಿಗೆಯಂತ್ರ ನಿಂತುಹೋಗಿತ್ತು, ಕೇಳಿಸಿಕೊಳ್ಳಲೆಂದೇ. ಅವಳು ಏದುಸಿರು ಬಿಡುತ್ತ ನಿಂತಿದ್ದಳು, ಒಳಗೆ ವಿಚಿತ್ರವಾದ ಹಗುರ. ಇಷ್ಟು ವರ್ಷಗಳ ಅಷ್ಟೂ ಮನೆಗಳಲ್ಲಿ ಒಬ್ಬ ಆತಿಥೇಯಳೂ ಬಂದವರನ್ನು ಬೈದದ್ದನ್ನು ಅವಳು ಕಂಡಿರಲಿಲ್ಲ. ಬಂದವರೂ ತಿರುಗಿ ಬೈದಿರಲಿಲ್ಲ. ಎಲ್ಲರೂ ನಗುತ್ತಿದ್ದರು, ಫೋಟೋ ತೆಗೆಸಿಕೊಳ್ಳುತ್ತಿದ್ದರು, ಕಣ್ಣೀರಿಟ್ಟು ಬೀಳ್ಕೊಡುತ್ತಿದ್ದರು. ಮನೆಯವರ ಹಾಗೆ ಎನ್ನುತ್ತಿದ್ದರಲ್ಲ, ಮನೆಯವರು ಹೀಗಿರುತ್ತಾರೆ. ಈ ಹೆಂಗಸಿನ ಕಣ್ಣಿಂದ ಇನ್ನು ಬಕೆಟ್ಟು ಮುಚ್ಚಿಡಬೇಕಿಲ್ಲ.

ಅಪ್ಪ ಎಡಗೈಯಿಂದ ಒದ್ದೆ ಪ್ಯಾಂಟನ್ನು ಜಗ್ಗಿದ. ಇಬ್ಬರೂ ಒಟ್ಟಿಗೇ ಮುಂದೆ ಬಂದರು. ಬಸ್ಸಮ್ಮ ನಿಂತು ಅವಳಿಗೆ ದಾರಿ ಬಿಟ್ಟರು. ಅವಳು ಕೈ ನೀಡಿದಳು. "ಬೇಡ," ಎಂದ ಅಪ್ಪ, ಚೊಕ್ಕವಾಗಿ. ಎಂದಿನ ಹಾಗೆ ಅದು ನಾಟಿತು. ಇವತ್ತು ಅವಳು ಹಿಂದೆ ಸರಿದು, ಒಗೆದ ಪ್ಯಾಂಟು ತಂದು ಬಸ್ಸಮ್ಮನ ಕೈಗೆ ಕೊಟ್ಟು, ಊಟಕ್ಕೆ ತಟ್ಟೆ ಹಾಕಲು ಹೋದಳು. ಮಗಳ ಕೈಯಲ್ಲಿ ಪ್ಯಾಂಟು ಬಿಚ್ಚಿಸಿಕೊಳ್ಳಲು ಒಲ್ಲದ ಅಪ್ಪ ಅವನು. ಅದೂ ಒಂದು ಮಾನ. ಅದನ್ನು ತನಗೆ ಆದ ಅವಮಾನ ಎಂದು ಇಷ್ಟು ದಿನ ಹೊತ್ತುಕೊಂಡು ತಿರುಗಿದ್ದಳು.

ಅಪ್ಪ ಒಣಗಿದ ಬಟ್ಟೆಯಲ್ಲಿ ವಾಪಸ್ಸು ಬಂದು ಕೂತಾಗ ಶಿಷ್ಯೆ ಮೆಲ್ಲಗೆ, "ಮೇಡಂ, ನಾನು ಏನಂತ ಹೇಳ್ಲಿ ಆಫೀಸಲ್ಲಿ? ಬೆಂಚಿನ ಮೇಲೆ ಹೇಳಿದ್ದು ಅಳಿಸ್ಲಾ?" ಎಂದಳು.

"ಅಳಿಸಬೇಡ. ಹೇಳಿದಾಗ ಅದು ನಿಜ, ಈಗಲೂ ಅರ್ಧ ನಿಜ." ಅವಳು ಅದನ್ನು ಬಸ್ಸಮ್ಮನಿಗೂ ಅವರ ಭಾಷೆಯಲ್ಲಿ ಹೇಳಿದಳು, ಹೊಟ್ಟೆಕಿಚ್ಚು ಎನ್ನುವುದನ್ನೂ ಬಿಡದೆ. ಬಸ್ಸಮ್ಮ ಹುಬ್ಬೇರಿಸಿ, ತಲೆದೂಗಿ, ಇರಲೋ ಹೋಗಲೋ ಎಂದು ನೀನು ಹೇಳಬೇಡ, ನಾನೂ ಹೇಳುವುದಿಲ್ಲ, ಎಂದು ಗಲ್ಲದಿಂದ ಅಪ್ಪನತ್ತ ತೋರಿಸಿದರು.

ಅವಳು ಬರೆದ ಪ್ರಶ್ನೆಗಳಲ್ಲಿ ಅಪ್ಪನಂಥವರಿಗೆ ಒಂದೂ ಇರಲಿಲ್ಲ. ಆತಿಥೇಯರಿಗಿತ್ತು, ಸ್ವಯಂಸೇವಕರಿಗಿತ್ತು, ಕೇಂದ್ರದ ಮೇಲ್ವಿಚಾರಕರಿಗಿತ್ತು. ಅವಳು ಅಪ್ಪನ ಮುಂದೆ ಮೊಣಕಾಲೂರಿ ಕೂತಳು. "ಅಪ್ಪಾ, ಇವರು ಇನ್ನೂ ಸ್ವಲ್ಪ ತಿಂಗಳು ನಮ್ಮ ಮನೇಲಿ ಇರಬೇಕಾ? ಇಲ್ಲಾ, ಸಾಕಾ?"

ಅಪ್ಪ ನೋಡಿದ. ತುಟಿಯ ಎಡತುದಿ ಅಲುಗಿತು. "ಇ..." ಎಂದ. ಅಲ್ಲೇ ನಿಂತಿತು. ಇರಲಿ, ಎಂದು ಅವಳ ಬಾಯಿ ಆಗಲೇ ತೆರೆದಿತ್ತು, ಮುಚ್ಚಿದಳು. ಇಷ್ಟು ಸಾಕು ಎಂದೂ ಇರಬಹುದು. ಇವತ್ತೇ ಎಂದೂ. ಶಬ್ದಗಳು ಮುಗಿಬಿದ್ದು ಬಂದವು, ಒಂದೊಂದನ್ನೂ ಹಲ್ಲಿನ ಹಿಂದೆ ತಡೆದು ನಿಲ್ಲಿಸಿದಳು. "ಇ... ಇ..." ಅಪ್ಪನ ಹಣೆ ಬೆವೆತಿತು. ಶಿಷ್ಯೆ ಏನೋ ಹೇಳಹೊರಟಳು. ಅವಳು ಆ ಹುಡುಗಿಯ ಮಣಿಕಟ್ಟನ್ನು ಒತ್ತಿ ಹಿಡಿದಳು. ಎದುರುಮನೆಯ ಯಂತ್ರ ಮತ್ತೆ ಶುರುವಾಗಿ ಒಂದು ಅಂಚು ಉದ್ದಕ್ಕೂ ಹೊಲಿದು, ತಿರುಗಿ, ಇನ್ನೊಂದಕ್ಕೆ ಹೊರಟಿತು. ಯಾರ ವಾಕ್ಯಕ್ಕೂ ಅವಳು ಇಷ್ಟು ಹೊತ್ತು ಕಾದಿರಲಿಲ್ಲ. ಅಪ್ಪನ ಎಡಗೈ ಮೇಲೆದ್ದು, ಬೆರಳು ಬಸ್ಸಮ್ಮನನ್ನು ತೋರಿಸಿ, ಅಲ್ಲಿ ನಿಲ್ಲದೆ ಗಾಳಿಯಲ್ಲಿ ಅಡ್ಡಕ್ಕೆ ಸರಿದು, ಅವಳ ಹಣೆಗೆ ನೇರವಾಗಿ ಬಂದು ನಿಂತಿತು.

"ಇವ... ಇವ್ಳೂ," ಎಂದ.

ಬಸ್ಸಮ್ಮ, ಏನಂದ, ಏನಂದ ಎಂದು ಅವಸರಿಸಿದರು. ಅವಳಿಗೆ ತಕ್ಷಣ ಅನುವಾದ ಬರಲಿಲ್ಲ. ಆ ಪುಟ್ಟ ಮಾತಿನ ಕೊನೆಯ ದೀರ್ಘವನ್ನು ಬೇರೆ ಭಾಷೆಗೆ ದಾಟಿಸುವುದು ಹೇಗೆ? ಕೊನೆಗೆ, ನೀವು ಇರಬೇಕಂತೆ, ನಾನೂ ಇರಬೇಕಂತೆ, ಎಂದಳು. ಬಸ್ಸಮ್ಮ ಕತ್ತು ಆ ಕಡೆ ತಿರುಗಿಸಿ ಕಿಟಕಿಯ ಹೊರಗೆ ನೋಡತೊಡಗಿದರು.

ಶಿಷ್ಯೆ ಮೂಗೊರೆಸಿಕೊಂಡು ಫೋನು ಕೈಗೆತ್ತಿಕೊಂಡಳು. "ಮೇಡಂ, ಇದನ್ನ ಯಾವ ಪ್ರಶ್ನೆಗೆ ಉತ್ತರ ಅಂತ ಹಾಕ್ಲಿ?"

"ಮೊದಲು ಉತ್ತರ ಬರ್ಕೋ," ಎಂದಳು ಅವಳು, ಮೊಣಕಾಲು ಹಿಡಿದು ಎದ್ದು, ನಾಲ್ಕು ತಟ್ಟೆಗಳಿಗೂ ಬಡಿಸುತ್ತ. "ಪ್ರಶ್ನೆ ಆಮೇಲೆ ಮಾಡೋಣ."